ಎಪ್ಪತ್ತೊಂಬತ್ತನ್ನು ಯಾರಿಗೂ ಕೊಡಬೇಡಿ

ಹೋದ ತಿಂಗಳು ನಮ್ಮ ಹಳೆಯ ಕಂಪನಿಯಿಂದ ಒಬ್ಬ ಎಂಜಿನಿಯರ್ ಫೋನ್ ಮಾಡಿದ. ಹೆಸರು ನಿಖಿಲ್, ಬೆಂಗಳೂರಿನವನು, ಪುಣೆಗೆ ಬಂದು ಇನ್ನೂ ವರ್ಷ ತುಂಬಿಲ್ಲವಂತೆ.

"ಮೇಡಂ, ನೀವು ಬರೆದಿರೋ ಹಳೇ ಕೋಡ್ ನೋಡ್ತಾ ಇದೀನಿ. ಒಂದು ಕಡೆ, ಎಪ್ಪತ್ತೊಂಬತ್ತು ಬಂದ್ರೆ ಯಾರಿಗೂ ಕೊಡದೆ ಮುಂದಕ್ಕೆ ಹೋಗು ಅಂತ ಇದೆ. ಯಾಕೆ ಅಂತ ಎಲ್ಲೂ ಬರೆದಿಲ್ಲ. ಏನಾದ್ರೂ ಸೆಕ್ಯೂರಿಟಿ ವಿಷಯಾನಾ?"

ನಾನು ಜೋಳದ ಹಿಟ್ಟು ನಾದುತ್ತಿದ್ದೆ. ಕೈಯೆಲ್ಲ ಹಿಟ್ಟು, ಫೋನು ಹೆಗಲಿಗೂ ಕಿವಿಗೂ ನಡುವೆ. ನಗು ತಡೆಯಲಾಗಲಿಲ್ಲ.

"ಸೆಕ್ಯೂರಿಟಿ ಅಲ್ಲಪಾ, ಅದು ಬಸವ ಜಯಂತಿ" ಅಂದೆ.

ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡನೋ ಏನೋ. ಪಾಪ, ಅಂದುಕೊಳ್ಳಲಿ. ಅವತ್ತು ಅವನಿಗೆ ಗಡಿಬಿಡಿಯಲ್ಲಿ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತೇನೆ. ಈ ಕಸುಬಿಗೆ ಹೊಸದಾಗಿ ಬರುವವರು ಓದಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ದೇಶಕ್ಕೆ ಕಳಿಸಿದರು ಎಂಬುದೆಲ್ಲ ಇದರಲ್ಲಿ ಇರುವುದಿಲ್ಲ. ಅದನ್ನು ಕೇಳಿದರೆ ನನ್ನ ಗಂಡನೇ ಆಕಳಿಸುತ್ತಾರೆ.

ಮೊದಲು, ನನ್ನ ಕೆಲಸ ಏನಾಗಿತ್ತು ಅನ್ನುವುದು. ಕಂಪ್ಯೂಟರಿನಲ್ಲಿ ನೀವು ಒಂದು ಫೈಲಿಗೆ ಏನೇ ಹೆಸರಿಡಿ, ಅದಕ್ಕೆ ಹೆಸರಿನ ಹಂಗಿಲ್ಲ. ಅದು ಒಳಗೊಳಗೇ ಪ್ರತಿ ಫೈಲಿಗೂ ಒಂದು ನಂಬರು ಇಟ್ಟುಕೊಂಡಿರುತ್ತದೆ. ಅದಕ್ಕೆ ಐನೋಡ್ ನಂಬರು ಅನ್ನುತ್ತಾರೆ. ತವರಿನಲ್ಲಿ ನನ್ನನ್ನು ನೀಲವ್ವ ಅನ್ನುತ್ತಿದ್ದರು, ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಬೇರೆಯೇ ಹೆಸರು ಬರೆಸಿದರು, ಅದರಿಂದ ಯಾರೂ ಕರೆಯಲಿಲ್ಲ, ಆಫೀಸಿನಲ್ಲಿ ನೀಲಾಬಾಯಿ. ಹೆಸರು ಮೂರಾದರೂ ಹೆಂಗಸು ಒಬ್ಬಳೇ ಎಂದು ತಿಳಿಯುವುದಕ್ಕೆ ಒಂದು ನಂಬರು ಬೇಕಲ್ಲ, ಹಾಗೆ. ಮಾಮೂಲಿ ಡಿಸ್ಕಿನಲ್ಲಿ ಈ ನಂಬರನ್ನು ಡಿಸ್ಕೇ ಇಟ್ಟುಕೊಂಡಿರುತ್ತದೆ. ಆದರೆ ನಮ್ಮ ಕಂಪನಿ ಮಾಡುತ್ತಿದ್ದದ್ದು ಮಾಯದ ಡಿಸ್ಕು. ಹಳೆಯ ಸಿಡಿಗಳಲ್ಲಿದ್ದ ಫೈಲುಗಳನ್ನು, ಅವು ಡಿಸ್ಕಿನಲ್ಲೇ ಇವೆಯೇನೋ ಎಂಬಂತೆ ತೋರಿಸುವ ಒಂದು ಸಾಫ್ಟ್‌ವೇರು. ಸಿಡಿಯ ಮೇಲೆ ಅಂಥ ನಂಬರೇ ಇರುವುದಿಲ್ಲ. ಕಂಪ್ಯೂಟರು ಮಾತ್ರ "ನಂಬರು ಕೊಡು" ಎಂದು ಕುತ್ತಿಗೆಯ ಮೇಲೆ ಕೂತಿರುತ್ತದೆ. ಆಗ ಯಾರಾದರೂ ನಂಬರನ್ನು ಹುಟ್ಟಿಸಿ ಕೊಡಬೇಕು. ಆ ಯಾರಾದರೂ ಅನ್ನುವವಳು ನಾನು.

ಇದನ್ನು ನಮ್ಮ ಅತ್ತೆಗೆ ತಿಳಿಸಿ ಹೇಳಲು ಒಮ್ಮೆ ಪ್ರಯತ್ನಪಟ್ಟೆ.

"ಅಂದ್ರ ಫೈಲಿಗೆ ನಂಬರ್ ಹಾಕ್ತೀ?" ಅಂದರು ಅತ್ತೆ.

"ಹೌದ್ರಿ ಅತ್ತಿ."

"ಅದಕ್ಕ ಎಂಜಿನಿಯರಿಂಗ್ ಯಾಕ ಕಲೀಬೇಕಾತು? ನಿಮ್ಮ ಮಾವನೋರ ಆಫೀಸಿನಾಗ ಆವಕ-ಜಾವಕ ಗುಮಾಸ್ತ ಮೆಟ್ರಿಕ್ ಫೇಲ್ ಇದ್ದಾ. ಅವನೂ ಅದನ್ನ ಮಾಡ್ತಿದ್ದ."

ಅಲ್ಲಿಂದ ಮುಂದೆ ನಮ್ಮ ವಠಾರಕ್ಕೆಲ್ಲ ನಾನು ಆವಕ-ಜಾವಕದ, ಅಂದರೆ ಬಂದ-ಹೋದ ಕಾಗದಕ್ಕೆ ನಂಬರು ಹಾಕುವ, ಬಾಯಿಯಾದೆ. ಕೆಳಗಿನ ಮನೆಯವರು ಪಿಂಚಣಿ ಅರ್ಜಿ ಎಲ್ಲಿಗೆ ಬಂದಿದೆ ನೋಡಿಕೊಂಡು ಬಾ ಎಂದು ನನ್ನನ್ನೇ ಕೇಳುತ್ತಿದ್ದರು.

ಆಫೀಸು ಇದ್ದದ್ದು ಒಂದು ಬಂಗಲೆಯ ಮೊದಲ ಮಹಡಿಯಲ್ಲಿ. ಕೆಳಗೆ ದಂತವೈದ್ಯರು. ನಾವು ಒಂದು ಫೈಲನ್ನು ಕಳೆದುಕೊಂಡು ಕೂಗಿಕೊಳ್ಳುವುದಕ್ಕೂ ಕೆಳಗೆ ಯಾರದೋ ಹಲ್ಲು ಕೀಳುವುದಕ್ಕೂ ಸರಿಹೋಗುತ್ತಿತ್ತು. ನಂಬರಿನ ಕೆಲಸಕ್ಕೆ ನಾವು ಮೂವರು. ನಾನು, ಸುಧಾಕರ, ಮತ್ತು ಲೇಲೆ ಸರ್. ಸುಧಾಕರ ಕುಂದಾಪುರದ ಕಡೆಯವನು. ಅವನ ಚಿಕ್ಕಪ್ಪಂದಿರೆಲ್ಲ ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದರು, ಇವನೊಬ್ಬ ದಾರಿ ತಪ್ಪಿ ಕಂಪ್ಯೂಟರಿಗೆ ಬಂದಿದ್ದ. ಲೇಲೆ ಸರ್ ನಮ್ಮ ಮುಖ್ಯಸ್ಥರು, ಪುಣೆಯ ಪೇಠೆಗಳಲ್ಲಿ ಹುಟ್ಟಿ ಬೆಳೆದವರು. ಅವರು ಆಡುತ್ತಿದ್ದದ್ದೆಲ್ಲ ಮರಾಠಿ. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತೇನೆ, ಅವರ "ಅಹೋ", ಅಂದರೆ ನಮ್ಮ "ಏನ್ರೀ", ಅದೊಂದನ್ನು ಮಾತ್ರ ಬಿಡಲಾರೆ.

ನಮ್ಮ ಮೊದಲ ಪದ್ಧತಿ ಭಾಳ ಸರಳವಾಗಿತ್ತು. ಯಾವ ಫೈಲನ್ನು ಮೊದಲು ಕೇಳುತ್ತಾರೋ ಅದಕ್ಕೆ ಮೊದಲ ನಂಬರು, ಮುಂದಿನದಕ್ಕೆ ಮುಂದಿನದು. ಸುಧಾಕರ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿದ. ಕಂಪ್ಯೂಟರಿನ ಪಾಲಿಗೆ ಸೊನ್ನೆ ಅಂದರೆ "ಇಲ್ಲಿ ಯಾರೂ ಇಲ್ಲ" ಎಂದು. ಹೀಗಾಗಿ ಮೊದಲು ಬಂದ ಫೈಲು ಮಾಯ! ಗಿರಾಕಿಯ ಎದುರಿಗೆ ನಾವು ಒಂದು ಸಿಡಿ ಹಾಕಿ ತೋರಿಸಿದೆವು. ಅದರಲ್ಲಿ ಇದ್ದದ್ದೇ ಒಂದು ಫೈಲು.

"ಸಿಡಿ ಖಾಲಿ ಇದೆಯಲ್ಲ" ಅಂದರು ಗಿರಾಕಿ.

"ಖಾಲಿ ಅಲ್ಲ ಮಾರಾಯ್ರೆ, ಒಂದು ಉಂಟು, ಆದ್ರೆ ಕಾಣುದಿಲ್ಲ" ಅಂದ ಸುಧಾಕರ. ಗಿರಾಕಿ ಚಹಾ ಕೂಡ ಮುಗಿಸದೆ ಎದ್ದು ಹೋದರು.

ಸೊನ್ನೆ ಬಿಟ್ಟು ಒಂದರಿಂದ ಎಣಿಸಿದೆವು. ಆಗ ಇನ್ನೊಂದು ಪೀಡೆ ಗಂಟುಬಿತ್ತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರೆ ಫೈಲುಗಳು ಬೇರೆ ಸರದಿಯಲ್ಲಿ ಬರುತ್ತಿದ್ದವು, ನಿನ್ನೆ ಒಂದು ನಂಬರು ಇದ್ದವನಿಗೆ ಇವತ್ತು ಇನ್ನೊಂದು. ಬ್ಯಾಕಪ್ ಪ್ರೋಗ್ರಾಂ, ಅಂದರೆ ಎಲ್ಲದರ ನಕಲು ತೆಗೆದಿಡುವ ಯಂತ್ರ, ಎಲ್ಲರೂ ಹೊಸಬರೇ ಬಂದಿದ್ದಾರೆ ಎಂದು ತಿಳಿದು ದಿನವೂ ಎಲ್ಲವನ್ನೂ ಮೊದಲಿನಿಂದ ನಕಲು ಮಾಡುತ್ತಿತ್ತು. ಪುಣೆಯಲ್ಲಿ ಆಗ ಕರೆಂಟು ಹೋಗುವುದು ಬರುವುದು ಊಟ ತಿಂಡಿಯಷ್ಟೇ ನಿಯಮಿತ. ನಕಲು ತೆಗೆದೂ ತೆಗೆದೂ ಡಿಸ್ಕು ಉಸಿರು ಬಿಟ್ಟಿತು.

ಅಂದರೆ ಒಂದು ಫೈಲಿಗೆ ಎಷ್ಟು ಸಲ ಕೇಳಿದರೂ ಅದೇ ನಂಬರು ಬರಬೇಕು, ಮತ್ತು ಆ ನಂಬರು ಇನ್ನೊಬ್ಬರಿಗೆ ಹೋಗಬಾರದು. ಈ ಕಸುಬಿನಲ್ಲಿ ತಿಳಿಯಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಒದ್ದಾಟ. ಆ ಫೈಲು ಸಿಡಿಯ ಮೇಲೆ ಎಲ್ಲಿ ಕೂತಿದೆಯೋ ಆ ಜಾಗವನ್ನೇ ನಂಬರು ಮಾಡೋಣ ಎಂದು ನಾನು ಹೇಳಿದೆ. ಒಂದು ಜಾಗದಲ್ಲಿ ಇಬ್ಬರು ಕೂರಲಾರರು, ಸಿಡಿಯ ಮೇಲಿನದು ಸರಿದಾಡುವುದೂ ಇಲ್ಲ.

ಲೇಲೆ ಸರ್ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ನಮಗೆ ಎದೆ ಧಸಕ್ ಅನ್ನುತ್ತಿತ್ತು.

"ಅಹೋ ನೀಲಾಬಾಯಿ, ಜಾಗದಲ್ಲಿ ಏನಿದೆ? ಹೆಸರಿನಲ್ಲೇ ನಂಬರು ಇದೆ!"

ಲೇಲೆ ಸರ್‌ಗೆ ಸಂಖ್ಯಾಶಾಸ್ತ್ರದ ಹುಚ್ಚು. ಇಂಗ್ಲಿಷಿನ ಎ ಅಂದರೆ ಒಂದು, ಬಿ ಅಂದರೆ ಎರಡು, ಹೀಗೆ ಝಡ್‌ವರೆಗೆ. ಹೆಸರಿನ ಅಕ್ಷರಗಳನ್ನು ಕೂಡಿಸಿದರೆ ಮನುಷ್ಯನ ನಂಬರು ಬಂತು. ಅವರು ಸ್ಕೂಟರು ಕೊಂಡದ್ದು, ಹೆಣ್ಣುಮಕ್ಕಳಿಗೆ ಹೆಸರಿಟ್ಟದ್ದು, ಆಫೀಸಿಗೆ ಜವಾನನನ್ನು ತೆಗೆದುಕೊಂಡದ್ದು ಎಲ್ಲ ಈ ಲೆಕ್ಕದ ಮೇಲೆಯೇ. ಈಗ ಫೈಲುಗಳಿಗೂ ಅದೇ ಲೆಕ್ಕ ಹಚ್ಚಿ ಅಂದರು. ಹೆಸರು ಬದಲಾಗದಿದ್ದರೆ ಮೊತ್ತವೂ ಬದಲಾಗದು, ಸರಿಯಲ್ಲವೇ?

"ಸರ್, ಎರಡು ಹೆಸರಿಗೆ ಒಂದೇ ಮೊತ್ತ ಬಂದರೆ?" ಅಂದೆ.

"ಒಂದು ಸಿಡಿಗೆ ಒಂದು ಲೆಕ್ಕ. ಒಂದು ಸಿಡಿಯಲ್ಲಿ ಎಷ್ಟು ಫೈಲು ಇರುತ್ತವೆ ಹೇಳಿ. ಹತ್ತೋ ಹನ್ನೆರಡೋ. ಬರುವುದಿಲ್ಲ."

ಬಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಒಂದೇ ನಂಬರು ಎರಡು ಹೆಸರಿನ ಮುಂದೆ ಕಂಡರೆ, ಇದು ಒಂದೇ ಫೈಲಿನ ಎರಡು ಹೆಸರು ಎಂದು ಬ್ಯಾಕಪ್ ಪ್ರೋಗ್ರಾಂ ತಿಳಿಯುತ್ತದೆ. ಮೊದಲನೆಯದನ್ನು ನಕಲು ಮಾಡಿ, ಎರಡನೆಯದರ ಜಾಗದಲ್ಲಿ "ಮೇಲಿನದನ್ನೇ ನೋಡಿಕೊಳ್ಳಿ" ಎಂದು ಚೀಟಿ ಅಂಟಿಸಿ ಮುಂದೆ ಹೋಗುತ್ತದೆ. ಎರಡನೆಯ ಫೈಲಿನೊಳಗೆ ಏನಿತ್ತು ಎಂದು ಇಣುಕಿ ಕೂಡ ನೋಡುವುದಿಲ್ಲ. ಇದನ್ನೆಲ್ಲ ಹೇಳಿದೆ. ಲೇಲೆ ಸರ್ ತಮ್ಮ ಹೆಂಡತಿ, ತಾಯಿ, ಇಬ್ಬರು ಅಳಿಯಂದಿರು ಮತ್ತು ನಾಯಿಯ ಹೆಸರಿನಲ್ಲಿ ಫೈಲುಗಳನ್ನು ಮಾಡಿ ಪರೀಕ್ಷೆ ಮಾಡಿದರು. ಒಂದೂ ತಾಕಲಾಡಲಿಲ್ಲ. ಪರೀಕ್ಷೆ ಪಾಸಾಯಿತು, ನಾನು ಬಾಯಿ ಮುಚ್ಚಿಕೊಂಡು ಕೂತೆ.

ಇನ್ನು ಗಿರಿಮಲ್ಲಪ್ಪನವರು ಬರಬೇಕು. ಇವರು ವಿಜಾಪುರ ಕಡೆಯವರು, ನಮ್ಮ ತವರಿಗೆ ದೂರದ ಬಳಗ. ಪುಣೆಯ ಒಂದು ಗಲ್ಲಿಯಲ್ಲಿ ಅವರ ತಂದೆಯ ಕಾಲದಿಂದ ಒಂದು ಪ್ರೆಸ್ಸು. ಕನ್ನಡದ ಗೋಡೆ ಪಂಚಾಂಗ ಅಚ್ಚುಮಾಡುತ್ತಿದ್ದರು. ಚೈತ್ರದಿಂದ ಫಾಲ್ಗುಣದವರೆಗೆ ತಿಂಗಳಿಗೊಂದು ಹಾಳೆ, ಮೇಲೆ ತಗಡಿನ ಪಟ್ಟಿ. ಯುಗಾದಿಗೆ ಮುಂಚೆ ಗಂಟು ಕಟ್ಟಿ ಪುಣೆಯ ಅಂಚಿನ ಕಾತ್ರಜದಿಂದ ಬಸ್ಸಿಗೆ ಹಾಕಿದರೆ ವಿಜಾಪುರ, ಬಾಗಲಕೋಟೆಯ ಅಂಗಡಿಗಳಿಗೆಲ್ಲ ಹೋಗಿ ಮುಟ್ಟುತ್ತಿತ್ತು. ಅಂಗಡಿಯವರು ಗಿರಾಕಿಗಳಿಗೆ ಹಂಚುತ್ತಿದ್ದರು. ಅಲ್ಲಿ ಎಷ್ಟೋ ಮನೆಗಳಲ್ಲಿ ಮದುವೆ ಗೊತ್ತು ಮಾಡುವುದು, ಬಿತ್ತುವುದು, ಹಬ್ಬಕ್ಕೆ ಹೆಣ್ಣುಮಕ್ಕಳನ್ನು ಕರೆಸುವುದು ಎಲ್ಲ ಈ ಹಾಳೆ ನೋಡಿಯೇ.

ಅವರಿಗೆ ನಮ್ಮ ಸಾಫ್ಟ್‌ವೇರು ಕೊಡಿಸಿದವಳು ನಾನು. "ನಮ್ಮ ಹುಡುಗಿ ಅದಾಳ ಅಲ್ಲೆ, ಮತ್ತೇನ್ ಚಿಂತಿ" ಎಂದು ಒಪ್ಪಿದ್ದರು. ಆ ವರ್ಷದ ಹನ್ನೆರಡು ಹಾಳೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ತಿದ್ದಿ, ಫೈಲಿಗೆ ತಿಂಗಳ ಹೆಸರನ್ನೇ ಇಂಗ್ಲಿಷಿನಲ್ಲಿ ಇಟ್ಟು, ಒಂದು ಸಿಡಿಗೆ ಬರೆದಿಟ್ಟಿದ್ದರು. ಆ ಸಿಡಿಯನ್ನು ನಮ್ಮ ಸಾಫ್ಟ್‌ವೇರಿನಿಂದ ತೆರೆದು, ಬ್ಯಾಕಪ್ ಪ್ರೋಗ್ರಾಂನಿಂದ ಹೊಸ ಡಿಸ್ಕಿಗೆ ನಕಲು ಮಾಡಿದೆವು. ಡಿಸ್ಕಿನಿಂದ ಫಿಲ್ಮು, ಫಿಲ್ಮಿನಿಂದ ಅಚ್ಚು. ಫಿಲ್ಮು ತೆಗೆಯುವವನು ಮರಾಠಿಯವನು, ಅವನಿಗೆ ಕನ್ನಡ ಅಕ್ಷರವೆಲ್ಲ ಜಿಲೇಬಿ. ಮಶೀನಿನವರು ಬಣ್ಣ ನೋಡುತ್ತಾರೆ, ಅಕ್ಷರ ನೋಡುವುದಿಲ್ಲ. ಗಿರಿಮಲ್ಲಪ್ಪನವರದು ಅಪ್ಪನ ಕಾಲದ ರೂಢಿ. ಮೊದಲ ಹಾಳೆ ಚೈತ್ರಕ್ಕೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆಯುವುದು, ಕೊನೆಯ ಹಾಳೆ ಫಾಲ್ಗುಣ ಬಂದಾಗ ಎಲ್ಲರಿಗೂ ಪೇಢೆ ಹಂಚುವುದು. ಎರಡೂ ಹಾಳೆ ಲಕಲಕ ಬಂದಿದ್ದವು. ನಡುವಿನದನ್ನು ಯಾರೂ ನೋಡಲಿಲ್ಲ.

ಶನಿವಾರ ಸಂಜೆ ಒಂದು ಪ್ರತಿ ನನ್ನ ಕೈಗೆ ಕೊಟ್ಟರು. ಭಾನುವಾರ ಮಧ್ಯಾಹ್ನ ಉಂಡು ಅತ್ತೆ ಅದನ್ನು ಮೊಳೆಗೆ ತೂಗುಹಾಕಿ, ಕನ್ನಡಕ ಹಾಕಿಕೊಂಡು ನಿಂತರು. ನನ್ನ ಮೈದುನನ ಮದುವೆ ಬಸವ ಜಯಂತಿಯ ಮರುದಿನಕ್ಕೆ ಗೊತ್ತಾಗಿತ್ತು. ಅದರ ಮೇಲೆ ಕೆಂಪು ಪೆನ್ನಿನಿಂದ ಗುಂಡಗೆ ಸುತ್ತುವುದು ಅತ್ತೆಯ ಉದ್ದೇಶ.

"ನೀಲಾ, ಬಾ ಇಲ್ಲೆ. ಚೈತ್ರ ಆದಮ್ಯಾಲೆ ಯಾವುದವಾ?"

"ವೈಶಾಖ್ರಿ ಅತ್ತಿ."

"ಇಲ್ಲಿ ಹೋಳಿ ಹುಣ್ಣಿವಿ ಐತಿ."

ಓಡಿ ಹೋಗಿ ನೋಡಿದೆ. ಚೈತ್ರದ ಕೆಳಗೆ ಫಾಲ್ಗುಣ. ಅದರ ಕೆಳಗೆ ಜ್ಯೇಷ್ಠ. ಕೊನೆಯಲ್ಲಿ ಮತ್ತೊಮ್ಮೆ ಅದೇ ಫಾಲ್ಗುಣ. ಅಕ್ಷಯ ತದಿಗೆ ಇಲ್ಲ, ಬಸವ ಜಯಂತಿ ಇಲ್ಲ, ಮದುವೆಯ ಮುಹೂರ್ತ ಒಂದೂ ಇಲ್ಲ. ವೈಶಾಖವೇ ಇಲ್ಲ!

"ಹುಡುಗನ ಮದುವಿ ತಿಂಗಳಾನ ತಿಂದು ಕುಂತಾರಲ್ಲವಾ ನಿಮ್ಮೋರು!" ಎಂದು ಅತ್ತೆ ಹಣೆ ಬಡಿದುಕೊಂಡರು.

ಗಂಟುಗಳು ಬೆಳಿಗ್ಗೆಯೇ ಕಾತ್ರಜಕ್ಕೆ ಹೋಗಿದ್ದವು, ಬಸ್ಸು ನಾಲ್ಕಕ್ಕೆ. ಒಮ್ಮೆ ಅವು ಊರು ಮುಟ್ಟಿ ಅಂಗಡಿ ಅಂಗಡಿಗೆ ಹಂಚಿಹೋದರೆ ಯಾರಪ್ಪನಿಂದಲೂ ವಾಪಸು ತರುವುದು ಸಾಧ್ಯವಿಲ್ಲ. ಲಿಂಗಾಯತರ ಪ್ರೆಸ್ಸಿನಿಂದ ಬಸವ ಜಯಂತಿ ಇಲ್ಲದ ಪಂಚಾಂಗ ಬಂತೆಂದರೆ, ಗಿರಿಮಲ್ಲಪ್ಪನವರು ಮತ್ತೆ ಆ ಕಡೆ ತಲೆ ಹಾಕುವ ಹಾಗಿರಲಿಲ್ಲ. ಫೋನು ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಆಮೇಲೆ ನೆನಪಾಯಿತು. ಒಂದರಿಂದ ನಾಲ್ಕರವರೆಗೆ ಪುಣೆ ಮಲಗುತ್ತದೆ. ಗಿರಿಮಲ್ಲಪ್ಪನವರು ಬೇರೆ ಯಾವುದರಲ್ಲಿ ಕನ್ನಡಿಗರೋ ಏನೋ, ಮಧ್ಯಾಹ್ನದ ನಿದ್ದೆಯಲ್ಲಿ ಮಾತ್ರ ಅಪ್ಪಟ ಪುಣೇಕರರು. ಫೋನಿನ ರಿಸೀವರು ತೆಗೆದು ಪಕ್ಕಕ್ಕಿಟ್ಟೇ ಮಲಗುತ್ತಿದ್ದರು.

ಅವರ ಮನೆ ಊರಿನ ಇನ್ನೊಂದು ತುದಿಗೆ, ಲೇಲೆ ಸರ್ ಮನೆ ಎರಡು ಗಲ್ಲಿ ಆಚೆ. ಓಡಿದೆ. ಬಾಗಿಲು ತೆರೆದ ಅವರ ಹೆಂಡತಿ ಪಿಸುಗುಟ್ಟಿದರು, "ಸಾಹೇಬರು ಮಲಗಿದ್ದಾರೆ. ನಾಲ್ಕಕ್ಕೆ ಬನ್ನಿ."

"ನಾಲ್ಕಕ್ಕೆ ಬಂದರೆ ಸಾಹೇಬರ ಕಂಪನಿ ಇರುವುದಿಲ್ಲ!" ಎಂದು ಇಡೀ ಕಟ್ಟಡ ಏಳುವಂತೆ ಕೂಗಿದೆ. ಲೇಲೆ ಸರ್ ಪಾಯಜಾಮ ಬನಿಯನ್ನಿನಲ್ಲೇ ಹೊರಗೆ ಬಂದರು. ವಿಷಯ ಕೇಳಿ ಸ್ಕೂಟರು ತೆಗೆದರು. ಅವರು ಸ್ಕೂಟರು ಓಡಿಸುವ ಪರಿ ಹೇಗೆಂದರೆ, ನಡೆದು ಹೋಗುವವರು ನಮಗೆ ದಾರಿ ಬಿಟ್ಟುಕೊಟ್ಟು, ಆಮೇಲೆ ಮತ್ತೆ ನಮ್ಮನ್ನು ದಾಟಿ ಹೋಗುತ್ತಿದ್ದರು. ಸಾಲದ್ದಕ್ಕೆ ಹ್ಯಾಂಡಲು ಬಿಟ್ಟು ಬೆರಳು ಎಣಿಸತೊಡಗಿದರು.

"ಸರ್, ಇಳೀರಿ. ಹಿಂದೆ ಕೂಡ್ರಿ" ಅಂದೆ.

ನನ್ನ ಸೀರೆಯ ಸೆರಗು ಸೊಂಟಕ್ಕೆ, ಲೇಲೆ ಸರ್ ಬೆನ್ನ ಹಿಂದೆ. ಸ್ವಾರಗೇಟ್ ದಾಟುವವರೆಗೂ ನನ್ನ ಕಿವಿಯ ಹತ್ತಿರ ಅವರ ಲೆಕ್ಕವೇ ಲೆಕ್ಕ. ವೈಶಾಖವನ್ನು ಫೈಲಿನಲ್ಲಿದ್ದಂತೆ ವೈಶಾಖ್ ಎಂದು ಇಂಗ್ಲಿಷಿನಲ್ಲಿ ಹಿಡಿದು, ಒಂದೊಂದೇ ಅಕ್ಷರಕ್ಕೆ "ವಿ ಇಪ್ಪತ್ತೆರಡು, ಎ ಒಂದು..." ಎಂದು ಕೂಡಿಸಿದರು. ಎಪ್ಪತ್ತೊಂಬತ್ತು ಬಂತು. ಫಾಲ್ಗುಣ್ ಎಂಬುದನ್ನು ಕೂಡಿಸಿದರು. ಮತ್ತೊಮ್ಮೆ ಕೂಡಿಸಿದರು.

"ಅಹೋ ನೀಲಾಬಾಯಿ."

"ಏನ್ ಸರ್?"

"ಇದೂ ಎಪ್ಪತ್ತೊಂಬತ್ತೇ."

ಸಿಡಿಯಲ್ಲಿ ಹೆಸರುಗಳು ಎಬಿಸಿಡಿ ಕ್ರಮದಲ್ಲಿ ಇರುತ್ತವೆ. ಫಾಲ್ಗುಣ ಮೊದಲು ಬಂತು, ನಕಲಾಯಿತು. ಕೊನೆಗೆ ಬಂದ ವೈಶಾಖಕ್ಕೆ "ಮೇಲಿನದನ್ನೇ ನೋಡಿಕೊಳ್ಳಿ" ಎಂಬ ಚೀಟಿ. ನನಗೆ ಬೈಯುವಷ್ಟು ಸಿಟ್ಟು ಬಂದಿತ್ತು, ಎದುರಿಗೆ ಒಂದು ಟ್ರಕ್ಕೂ ಬಂದಿತ್ತು.

ಕಾತ್ರಜದಲ್ಲಿ ಬಸ್ಸು ಹೊರಡಲು ಸಿದ್ಧವಾಗಿ ಗುರ್ ಅನ್ನುತ್ತಿತ್ತು. ಗಂಟುಗಳು ಟಾಪಿನ ಮೇಲೆ, ಹಗ್ಗ ಬಿಗಿದಾಗಿತ್ತು. ಡ್ರೈವರು ವಿಜಾಪುರದ ಹತ್ತಿರದ ಇಂಡಿ ಕಡೆಯವನು.

"ಇಳಸಾಕ ಆಗಂಗಿಲ್ರಿ ಅಕ್ಕಾರ. ಮಾಲಕರು ಬರಬೇಕು."

"ಮಾಲಕರು ಮಲಗ್ಯಾರೋ ತಮ್ಮಾ!"

"ಹಂಗಾರ ಎಬ್ಬಿಸ್ಕೊಂಡು ಬರ್ರಿ. ನಂದು ಟೈಮ್ ಆತು."

ಬನಿಯನ್ನಿನಲ್ಲಿದ್ದ ಲೇಲೆ ಸರ್ ಮುಂದೆ ಬಂದು, ಐನೋಡ್ ಎಂದರೇನು ಎಂದು ಮರಾಠಿಯಲ್ಲಿ ವಿವರಿಸಲು ಶುರು ಮಾಡಿದರು. ಡ್ರೈವರು ನನ್ನ ಕಡೆ ನೋಡಿ, "ಇವರನ್ನ ಯೆರವಡಾಕ್ಕ ಕರಕೊಂಡು ಹೊಂಟಿದ್ರೇನ್ರಿ?" ಅಂದ. ಯೆರವಡಾದಲ್ಲಿ ಜೈಲೂ ಇದೆ, ಹುಚ್ಚಾಸ್ಪತ್ರೆಯೂ ಇದೆ. ಯಾವುದಕ್ಕೆ ಎಂದು ಅವನು ಹೇಳಲಿಲ್ಲ.

ಆಗ ನನಗೆ ತಲೆ ಕೆಟ್ಟಿತು. ನಮ್ಮ ಮನೆಯ ಪ್ರತಿಯನ್ನು ಬಗಲಲ್ಲೇ ತಂದಿದ್ದೆ. ಬಸ್ಸಿನೊಳಗೆ ಹತ್ತಿ, ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. "ನಿಮ್ಮ ನಿಮ್ಮ ಮನಿ ಮದುವಿ ಮುಂಜಿವಿ ಇದರಾಗ ಹುಡುಕ್ರಿ ನೋಡೋಣು!"

ಮುಂದಿನ ಸೀಟಿನ ಅಜ್ಜಿ ಇಸಿದುಕೊಂಡಳು. ಅವಳ ಹಿಂದಿನವನು ಇಣುಕಿದ. ನಿಮಿಷದೊಳಗೆ ಬಸ್ಸೆಲ್ಲ ಎದ್ದು ನಿಂತಿತು.

"ಯಪ್ಪಾ, ನಮ್ಮ ಮಲ್ಲವ್ವನ ಲಗ್ನ ಎಲ್ಲೈತಿ?"

"ಬಸವ ಜಯಂತಿ ಇಲ್ಲೋ!"

"ಮಾವಿನ ಹಣ್ಣಿನ ಕಾಲದಾಗ ಹೋಳಿ ಆಡ್ತಾರಂತ, ನೋಡ್ರಿ ಇಲ್ಲೆ!"

"ಅವನೌವ್ನ, ಸರ್ಕಾರದೋರು ತಗದಾರೇನು ವೈಶಾಖಾ?"

ಹಾಳೆ ಕೈಯಿಂದ ಕೈಗೆ ಹೋಗಿ ಕೊನೆಗೆ ಡ್ರೈವರನ ಮಡಿಲಿಗೆ ಬಿತ್ತು. ಅವನು ಸ್ಟೀರಿಂಗಿನ ಮೇಲೆ ಹರಡಿಕೊಂಡು ಬೆರಳಿಟ್ಟು ಹುಡುಕಿದ. ಮತ್ತೊಮ್ಮೆ ಹುಡುಕಿದ. ಮುಖ ಸಣ್ಣದಾಯಿತು. ಎಂಜಿನು ಆರಿಸಿದ.

"ನಮ್ಮ ಹೊಸಾ ಮನಿ ಶಾಂತಿ ಇತ್ರಿ ಅದರಾಗ" ಎಂದು ಹೇಳಿ, ಕ್ಲೀನರನಿಗೆ ಕೂಗಿದ. "ಇಳಸೋ ಎಲ್ಲಾ! ಒಂದೂ ಬಿಡಬ್ಯಾಡ!"

ನಾಲ್ಕು ಹೊಡೆಯಿತು, ಪುಣೆ ಎದ್ದಿತು. ಫೋನು ಹತ್ತಿತು. ಗಿರಿಮಲ್ಲಪ್ಪನವರು ರಿಕ್ಷಾದಲ್ಲಿ ಬಂದಿಳಿದು, ರಸ್ತೆಯ ಪಕ್ಕ ರಾಶಿ ಬಿದ್ದ ಗಂಟುಗಳನ್ನು ನೋಡಿದರು. ನಾನು ಹೇಳಿದ್ದನ್ನು ಕೇಳಿ, ಒಂದು ಗಂಟಿನ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮಪ್ಪ ಅಚ್ಚಿನ ಮೊಳಿ ಜೋಡಿಸಿ ಜೋಡಿಸಿ ಕಣ್ಣು ಕಳಕೊಂಡವಾ. ಆದರ ಒಂದ ತಿಥಿ ತಪ್ಪಲಿಲ್ಲ. ನಾ ಕಂಪ್ಯೂಟರ್ ತಂದು ತಿಂಗಳಾನ ಕಳದೆ."

ನನಗೆ ಅಳು ಬಂತು. "ಕಾಕಾ, ಮೂಲ ಸಿಡಿ ಐತಲ್ರಿ. ಅದರಾಗ ವೈಶಾಖ ಇರ್ತದ. ಒಂದ ಹಾಳಿ ಮತ್ತ ಅಚ್ಚು ಹಾಕಿ ಸೇರಿಸಿದರ ಆತು. ಸಿಡಿ ಎಲ್ಲದ?"

ಗಿರಿಮಲ್ಲಪ್ಪನವರು ತಲೆ ಕೆರೆದುಕೊಂಡರು. "ನಕಲ ಆತಲ್ಲ ಅಂತ... ನಮ್ಮಾಕಿ ಪಾರಿವಾಳಕ್ಕ ಕಟ್ಟ್ಯಾಳ."

ಪುಣೆಯಲ್ಲಿ ಪಾರಿವಾಳದ ಕಾಟ ಅನುಭವಿಸಿದವರಿಗೇ ಗೊತ್ತು. ಸಿಡಿಗೆ ನಡುವೆ ತೂತು ಇರುತ್ತದೆ, ದಾರ ಪೋಣಿಸಿ ಬಾಲ್ಕನಿಯಲ್ಲಿ ತೂಗುಬಿಟ್ಟರೆ ಗಾಳಿಗೆ ಮಿರಮಿರ ಮಿಂಚುತ್ತದೆ, ಪಾರಿವಾಳ ಹತ್ತಿರ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ನಾವು ಹೋಗಿ ನೋಡಿದಾಗ ಬಸವ ಜಯಂತಿ ದಾರದಲ್ಲಿ ಗಿರಗಿರ ತಿರುಗುತ್ತಿತ್ತು. ಪಾರಿವಾಳಗಳು ಹೆದರಿರಲಿಲ್ಲ. ಅದರ ಮೇಲೆ ಕೂತು ಮಾಡಬಾರದ್ದನ್ನು ಮಾಡಿದ್ದವು.

ಸುಧಾಕರನನ್ನು ಚಿಕ್ಕಪ್ಪನ ಹೋಟೆಲಿನಿಂದ ಕರೆಸಿದೆವು. ಅವನು ಸಿಡಿಯನ್ನು ಮೂಗಿನಿಂದ ದೂರ ಹಿಡಿದು, "ಎಂತದು ಮಾರಾಯ್ರೆ, ಇದನ್ನ ಡ್ರೈವಿಗೆ ಹಾಕುದಾ, ಹಿತ್ತಲಿಗೆ ಹಾಕುದಾ?" ಅಂದ. ತೊಳೆದು, ಗೀರುಗಳ ಮೇಲೆ ಹಲ್ಲಿನ ಪೇಸ್ಟು ಹಚ್ಚಿ ಮೆತ್ತಗೆ ಉಜ್ಜಿದ. ಆಗಿನ ಕಾಲಕ್ಕೆ ಅದೇ ದೊಡ್ಡ ತಂತ್ರಜ್ಞಾನ. ಮನೆಯ ಕೆಳಗೇ ಇದ್ದ ಪ್ರೆಸ್ಸಿನ ಕಂಪ್ಯೂಟರಿಗೆ ಹಾಕಿದೆವು. ನಮ್ಮ ಸಾಫ್ಟ್‌ವೇರು ಬೇಡ ಎಂದು ಲೇಲೆ ಸರ್ ಅವರೇ ಹೇಳಿದರು. ಡ್ರೈವು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಹೆಸರುಗಳು ಕಂಡವು. ವೈಶಾಖ ತೆರೆ ಎಂದರೆ ತೆರೆಯದು. ಸುಧಾಕರ ತೆಗೆದು ಮತ್ತೆ ಪೇಸ್ಟು ಹಚ್ಚಿದ. ಗಿರಿಮಲ್ಲಪ್ಪನವರು ಕಣ್ಣು ಮುಚ್ಚಿ ಬಾಯಲ್ಲೇ ಏನೋ ಅನ್ನುತ್ತಿದ್ದರು. ಅವರ ಹೆಂಡತಿ ಬಾಗಿಲ ಹಿಂದೆ ನಿಂತು, "ನಾ ಏನ್ ಕಂಡಿದ್ನೋ ಯಪ್ಪಾ" ಎಂದು ಸೆರಗು ಬಾಯಿಗಿಟ್ಟುಕೊಂಡಿದ್ದರು. ಲೇಲೆ ಸರ್ ಜೀವಮಾನದಲ್ಲಿ ಮೊದಲ ಸಲ ಯಾವ ಸಂಖ್ಯೆಯನ್ನೂ ಹೇಳದೆ ಸುಮ್ಮನೆ ನಿಂತಿದ್ದರು.

ಪರದೆಯ ಮೇಲಿನಿಂದ ಕೆಳಗೆ ಒಂದೊಂದೇ ಗೆರೆ ಇಳಿಯತೊಡಗಿತು. ಮೊದಲು ವೈಶಾಖ ಎಂಬ ಅಕ್ಷರ. ಆಮೇಲೆ ಕೆಂಪಿನಲ್ಲಿ ಅಕ್ಷಯ ತದಿಗೆ. ಅದರ ಕೆಳಗೆ, ಅದೇ ಮನೆಯಲ್ಲಿ, ಬಸವ ಜಯಂತಿ. ಗಿರಿಮಲ್ಲಪ್ಪನವರು ಕಣ್ಣು ಬಿಟ್ಟು, ಎದ್ದು ನಿಂತು ಕಂಪ್ಯೂಟರಿಗೆ ಕೈಮುಗಿದರು. ಸುಧಾಕರನೂ ಮುಗಿದ. ನಾನೂ ಮುಗಿದೆ.

ಮರುದಿನ ಆ ಒಂದು ಹಾಳೆ ಅಚ್ಚಾಯಿತು. ಮೊದಲ ಹಾಳೆ ಮಶೀನಿನಿಂದ ಹೊರಬಂದಾಗ ಗಿರಿಮಲ್ಲಪ್ಪನವರು ಕುಂಕುಮದ ಬಟ್ಟಲು ನನ್ನ ಕೈಗೆ ಕೊಟ್ಟರು. "ನೀನ ಹಚ್ಚವಾ. ನೀ ಓಡಿ ಬರಲಿಲ್ಲಂದ್ರ ಇದು ಇರ್ತಿದ್ದಿಲ್ಲ." ಹಚ್ಚುವ ಭರದಲ್ಲಿ ಕುಂಕುಮ ಅರ್ಧ ಹಾಳೆಯ ಮೇಲೆ ಚೆಲ್ಲಿತು. ಆಮೇಲೆ ಅತ್ತೆ, ಲೇಲೆ ಸರ್ ಹೆಂಡತಿ, ಸುಧಾಕರನ ಹೋಟೆಲಿನವರು ಎಲ್ಲ ಸಾಲಾಗಿ ಕೂತು ತಗಡಿನ ಪಟ್ಟಿ ಬಿಚ್ಚಿ, ಸುಳ್ಳು ಫಾಲ್ಗುಣ ತೆಗೆದು, ವೈಶಾಖ ಸೇರಿಸಿ, ಪಟ್ಟಿ ಒತ್ತಿದೆವು. ಹೋಟೆಲಿನಿಂದ ಬನ್ಸು, ಇಡ್ಲಿ ಬರುತ್ತಲೇ ಇದ್ದವು. ಕೆಲಸದ ನಡುವೆ ಅತ್ತೆ ನನ್ನ ಕಡೆ ತಿರುಗಿ, "ಈಗ ತಿಳೀತವಾ, ನೀ ಏನ್ ಕೆಲಸಾ ಮಾಡ್ತೀ ಅಂತ" ಅಂದರು. ಯುಗಾದಿಗೆ ಮುಂಚೆ ಎಲ್ಲವೂ ಊರು ಮುಟ್ಟಿದವು. ಅದೇ ಡ್ರೈವರು ಒಯ್ದ, ಮುಂಚೆ ಒಂದು ಬಿಚ್ಚಿ ತನ್ನ ಮನೆಶಾಂತಿ ನೋಡಿಕೊಂಡೇ ಒಯ್ದ.

ಆಫೀಸಿಗೆ ಬಂದ ಮೇಲೆ ಲೇಲೆ ಸರ್ ಕನ್ನಡಕ ತೆಗೆದರು. "ಅಹೋ ನೀಲಾಬಾಯಿ, ನಿಮ್ಮ ಜಾಗದ ಪದ್ಧತಿಯನ್ನೇ ಮಾಡಿ. ನಾನು ಸೋತೆ. ಒಂದು ಮಾತು ಮಾತ್ರ ನಡೆಸಿಕೊಡಿ. ಎಪ್ಪತ್ತೊಂಬತ್ತನ್ನು ಯಾರಿಗೂ ಕೊಡಬೇಡಿ. ಅದು ಕೆಟ್ಟ ಸಂಖ್ಯೆ."

ಜಾಗದ ಲೆಕ್ಕದಲ್ಲಿ ಅಷ್ಟು ಚಿಕ್ಕ ನಂಬರು ಬರುವುದೇ ಇಲ್ಲ ಎಂದು ಹೇಳಹೊರಟೆ. ಅವರ ಮುಖ ನೋಡಿ ಬಿಟ್ಟೆ. ಒಂದು ಸಾಲು ಬರೆದು ಸೇರಿಸಿದೆ. ನನ್ನ ಪದ್ಧತಿಯೂ ಮೊದಲ ದಿನವೇ ಮುಗ್ಗರಿಸಿತು ಅನ್ನುವುದನ್ನು ಸುಧಾಕರ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಖಾಲಿ ಫೈಲುಗಳು ಸಿಡಿಯ ಮೇಲೆ ಜಾಗವನ್ನೇ ತೆಗೆದುಕೊಳ್ಳುವುದಿಲ್ಲ, ಹೀಗಾಗಿ ಅವಕ್ಕೆಲ್ಲ ಒಂದೇ ನಂಬರು ಬಂತು. ಸುಧಾಕರ ಇಡೀ ವಾರ ನನ್ನನ್ನು ಕಾಡಿದ. ಫೈಲು ಇರುವ ಜಾಗ ಬಿಟ್ಟು, ಅದರ ಹೆಸರು ಬರೆದಿರುವ ಜಾಗವನ್ನು ನಂಬರು ಮಾಡಿದ ಮೇಲೆ ಸರಿಹೋಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಸಿಡಿ ಹೋಗಿ ದೊಡ್ಡ ದೊಡ್ಡ ಡಿಸ್ಕು ಬಂದವು, ನಂಬರುಗಳು ಉದ್ದವಾದವು, ಆ ಸಾಲು ಮಾತ್ರ ಅಲ್ಲೇ ಕೂತಿತ್ತು.

ಗಿರಿಮಲ್ಲಪ್ಪನವರು ಈಗಿಲ್ಲ. ಪ್ರೆಸ್ಸನ್ನು ಅವರ ಮಗ ನಡೆಸುತ್ತಾನೆ. ಪ್ರತಿ ವರ್ಷ ನಮ್ಮ ಮನೆಗೆ ಒಂದು ಪಂಚಾಂಗ ಬರುತ್ತದೆ. ಚೈತ್ರದ ಹಾಳೆ ಬೆಳ್ಳಗೆ ಇರುತ್ತದೆ, ಅರಿಷಿಣ ಕುಂಕುಮ ವೈಶಾಖಕ್ಕೆ. ಒಮ್ಮೆ ಯಾಕಪ್ಪ ಹೀಗೆ ಅಂದರೆ, "ಗೊತ್ತಿಲ್ರಿ ಅತ್ಯಾರ, ನಮ್ಮಲ್ಲಿ ಮೊದಲಿಂದಾನೂ ಹಿಂಗ ಐತಿ" ಅಂದ.

ಇಷ್ಟನ್ನೂ ನಿಖಿಲ್‌ಗೆ ಹೇಳಿ ಮುಗಿಸುವ ಹೊತ್ತಿಗೆ ನನ್ನ ಕೈಯ ಹಿಟ್ಟು ಒಣಗಿತ್ತು. ಅವನು ನಕ್ಕೂ ನಕ್ಕೂ ಸುಸ್ತಾಗಿದ್ದ.

"ಹಾಗಾದ್ರೆ ಆ ಲೈನ್ ತೆಗೆದುಬಿಡ್ಲಾ ಮೇಡಂ? ಅದು ಏನೂ ಕೆಲಸ ಮಾಡ್ತಾ ಇಲ್ಲ."

"ತೆಗೀಪಾ. ಲೇಲೆ ಸರ್‌ಗೆ ನಾ ಹೇಳ್ತೀನಿ" ಅಂದೆ.

ಮರುದಿನ ಮತ್ತೆ ಫೋನು ಬಂತು. ದನಿ ಸ್ವಲ್ಪ ಸಣ್ಣದಾಗಿತ್ತು.

"ಮೇಡಂ, ಆ ಲೈನ್ ತೆಗೀಲಿಲ್ಲ. ಹಾಗೇ ಬಿಟ್ಟಿದೀನಿ."

"ಯಾಕೋ? ಏನಾತು?"

"ಏನಿಲ್ಲ ಮೇಡಂ. ರಾತ್ರಿ ಅಮ್ಮ ಫೋನ್ ಮಾಡಿದ್ರು. ನನ್ನ ಮದುವೆ ಫಿಕ್ಸ್ ಆಯ್ತು... ವೈಶಾಖದಲ್ಲಂತೆ."